ಶಾರ್ಟ್‌ಕಟ್ ಕಡತ: ಅದು ವಿಳಾಸ, ದಾಖಲೆಯಲ್ಲ

ಗ್ರಾಮ ಸಭೆಗೆ ಮುನ್ನ ಸದಸ್ಯರೊಬ್ಬರು ಕ್ರಿಯಾ ಯೋಜನೆಯ ಪ್ರತಿಯನ್ನು ಕೋರುತ್ತಾರೆ ಎಂದಿಟ್ಟುಕೊಳ್ಳಬಹುದು. ಕಚೇರಿಯ ಗಣಕಯಂತ್ರದ ಪರದೆಯ ಮೇಲೆ ‘ಕ್ರಿಯಾ ಯೋಜನೆ’ ಎಂಬ ಹೆಸರಿನ ಚಿಹ್ನೆಯಿದೆ. ಅದನ್ನೇ ಪೆನ್‌ಡ್ರೈವ್‌ಗೆ ನಕಲಿಸಿ ಕೊಡಲಾಗುತ್ತದೆ. ಸಭೆಯ ದಿನ, ಅಂತರ್ಜಾಲ ಸಂಪರ್ಕವಿಲ್ಲದ ಸಮುದಾಯ ಭವನದಲ್ಲಿ ಲ್ಯಾಪ್‌ಟಾಪ್‌ಗೆ ಪೆನ್‌ಡ್ರೈವ್ ಹಾಕಿ ತೆರೆದರೆ ಏನೂ ಕಾಣುವುದಿಲ್ಲ. ಕಾಮಗಾರಿಗಳ ಪಟ್ಟಿಯಿಲ್ಲದೆ ಗ್ರಾಮಸ್ಥರ ಪ್ರಶ್ನೆಗಳಿಗೆ ಉತ್ತರಿಸಲಾಗದು. ಇಲ್ಲಿ ನಕಲಾಗಿರುವುದು ಕ್ರಿಯಾ ಯೋಜನೆಯಲ್ಲ. ಅದು ದೊರೆಯುವ ಪುಟದ ವಿಳಾಸ ಮಾತ್ರ.

ಸ್ವರೂಪ

ವಿಂಡೋಸ್‌ನಲ್ಲಿ ಅಂತರ್ಜಾಲ ಶಾರ್ಟ್‌ಕಟ್ ಎಂಬುದು ಕೆಲವೇ ಸಾಲುಗಳ ಪಠ್ಯ ಕಡತ. ಅದರಲ್ಲಿ ‘ಯುಆರ್‌ಎಲ್’ ಎಂದು ಆರಂಭವಾಗುವ ಸಾಲಿನಲ್ಲಿ ಜಾಲತಾಣದ ವಿಳಾಸವಿರುತ್ತದೆ. ಕಡತದ ಹೆಸರು ‘ಡಾಟ್ ಯುಆರ್‌ಎಲ್’ ಎಂದು ಮುಗಿಯುತ್ತದೆಯಾದರೂ ವಿಂಡೋಸ್ ಅದನ್ನು ಮರೆಮಾಡುತ್ತದೆ. ಆದ್ದರಿಂದ ಎರಡು ಗುರುತುಗಳನ್ನು ನೋಡಬೇಕು: ಚಿಹ್ನೆಯ ಕೆಳಮೂಲೆಯ ಸಣ್ಣ ಬಾಣ, ಮತ್ತು ಸಾಮಾನ್ಯವಾಗಿ 1 ಕೆಬಿ ಎಂದು ತೋರುವ ಗಾತ್ರ.

ತೆರೆಯುವ ಕ್ರಮ

1. ಕಡತದ ಮೇಲೆ ಮೌಸ್‌ನ ಬಲಗುಂಡಿ ಒತ್ತಿ ‘ಪ್ರಾಪರ್ಟೀಸ್’ ಆಯ್ಕೆ ಮಾಡಬೇಕು.
2. ‘ವೆಬ್ ಡಾಕ್ಯುಮೆಂಟ್’ ವಿಭಾಗದಲ್ಲಿ ಕಾಣುವ ವಿಳಾಸವನ್ನು ಓದಬೇಕು.
3. ವಿಳಾಸ ಸರಿಯಿದ್ದರೆ ಮಾತ್ರ ಎರಡು ಬಾರಿ ಕ್ಲಿಕ್ ಮಾಡಬೇಕು. ಆಗ ಬ್ರೌಸರ್‌ನಲ್ಲಿ ಪುಟ ತೆರೆಯುತ್ತದೆ. ಇದಕ್ಕೆ ಅಂತರ್ಜಾಲ ಸಂಪರ್ಕ ಅವಶ್ಯ.

ಎಚ್ಚರಿಕೆ

ಶಾರ್ಟ್‌ಕಟ್‌ಗೆ ಯಾವ ಹೆಸರನ್ನಾದರೂ ಇಡಬಹುದು. ‘ಅನುದಾನ ಬಿಡುಗಡೆ ಆದೇಶ’ ಎಂಬ ಹೆಸರಿದ್ದರೂ ಒಳಗಿನ ವಿಳಾಸ ವಂಚಕರದ್ದಾಗಿರಬಹುದು. ಇಂತಹ ಕಡತಗಳ ಮೂಲಕ ವಿಂಡೋಸ್‌ನ ಎಚ್ಚರಿಕೆಯನ್ನೇ ತಪ್ಪಿಸುತ್ತಿದ್ದ ಒಂದು ಲೋಪವನ್ನು ಮೈಕ್ರೋಸಾಫ್ಟ್ ಸಂಸ್ಥೆ 2024ರ ಫೆಬ್ರುವರಿಯಲ್ಲಿ ಸರಿಪಡಿಸಿತು. ಆದುದರಿಂದ ಗಣಕಯಂತ್ರದ ಅಪ್‌ಡೇಟ್‌ಗಳನ್ನು ಮುಂದೂಡಬಾರದು. ‘ಫೈಲ್’ ಎಂದು ಆರಂಭವಾಗುವ ವಿಳಾಸವಿದ್ದರೆ ಅಥವಾ ಕಳುಹಿಸಿದವರು ಅಪರಿಚಿತರಾಗಿದ್ದರೆ ಕಡತವನ್ನು ತೆರೆಯಬಾರದು.

ನಿಜವಾದ ಪ್ರತಿ ಪಡೆಯುವುದು

ಇ-ಗ್ರಾಮಸ್ವರಾಜ್ ಮುಂತಾದ ತಾಣದಲ್ಲಿ ಬೇಕಾದ ಪುಟವನ್ನು ತೆರೆದು, ಕಂಟ್ರೋಲ್ ಮತ್ತು ಪಿ ಕೀಲಿಗಳನ್ನು ಒಟ್ಟಿಗೆ ಒತ್ತಿ, ‘ಸೇವ್ ಆ್ಯಸ್ ಪಿಡಿಎಫ್’ ಆಯ್ಕೆ ಮಾಡಿ ಉಳಿಸಬೇಕು. ಬಳಿಕ ಅಂತರ್ಜಾಲ ಸಂಪರ್ಕವನ್ನು ಕಡಿತಗೊಳಿಸಿ ಆ ಕಡತವನ್ನು ತೆರೆದು ನೋಡಬೇಕು. ಪಟ್ಟಿ ಪೂರ್ಣವಾಗಿ ಕಂಡರೆ ಅದು ಪ್ರತಿ. ಕಾಣದಿದ್ದರೆ ಸದಸ್ಯರ ಕೈಯಲ್ಲಿರುವುದು ಇನ್ನೂ ವಿಳಾಸವೇ. ಈ ಪರೀಕ್ಷೆಯನ್ನು ಸಭೆಯ ಹಿಂದಿನ ದಿನವೇ ಮಾಡಿಕೊಳ್ಳುವುದು ಉಚಿತ.