ಎರಡು ಡಿಸ್ಕು, ಒಂದೇ ಪೆಟ್ಟಿಗೆ

ಸಿರಿಗೇರಿ ಸುತ್ತಲಿನ ಗದ್ದೆಗಳ ಮಣ್ಣು, ಬೋರ್‌ವೆಲ್ ನೀರು ಪರೀಕ್ಷಿಸುವ ಸಣ್ಣ ಲ್ಯಾಬಿನಲ್ಲಿ ಕಂಪ್ಯೂಟರು ನೋಡಿಕೊಳ್ಳುವವನು ನಾನು. ಪಿಎಚ್, ಲವಣಾಂಶ, ಸತು, ಬೋರಾನ್ ಎಂದು ಒಂದೊಂದು ಕಂಪ್ಯೂಟರಿನಲ್ಲಿ ಒಂದೊಂದು ಚದುರಿದ್ದ ಅಂಕಿಗಳನ್ನು ಒಂದೆಡೆ ಇಡಲು ಎರಡು ಡಿಸ್ಕಿನ ನಾಸ್ ಪೆಟ್ಟಿಗೆ, ಅಂದರೆ ನೆಟ್‌ವರ್ಕಿನಲ್ಲಿ ಎಲ್ಲ ಕಂಪ್ಯೂಟರುಗಳೂ ಬಳಸುವ ಸಂಗ್ರಹ, ತಂದೆವು.

1. ಮಿರರ್ ಬೇರೆ, ಬ್ಯಾಕಪ್ ಬೇರೆ. ಎರಡೂ ಡಿಸ್ಕಿಗೆ ಒಂದೇ ಮಾಹಿತಿ ಬರೆಯುವ ಮಿರರ್, ಅಂದರೆ ರೇಡ್-1ರಲ್ಲಿ ಒಂದು ಡಿಸ್ಕು ಸತ್ತರೆ ಇನ್ನೊಂದು ಗಾಡಿ ಎಳೆಯುತ್ತದೆ, ನಿಜ. ಆದರೆ ಒಂದು ಮಧ್ಯಾಹ್ನ ನಿದ್ದೆಗಣ್ಣಿನಲ್ಲಿ ಹಿಂಗಾರಿನ ಫೋಲ್ಡರನ್ನೇ ಅಳಿಸಿಬಿಟ್ಟೆ. ಎರಡು ಡಿಸ್ಕೂ ಚಾಚೂ ತಪ್ಪದೆ ಅಳಿಸಿದವು. ಆಸಿಡ್ ಕಲೆ ಬಿದ್ದ ನೋಟ್‌ಬುಕ್ಕಿನಲ್ಲಿ ಪೆನ್ಸಿಲ್ಲಿನಿಂದ ಗೀಚಿದ್ದ ರೀಡಿಂಗುಗಳನ್ನು ಎರಡು ದಿನ ಕೂತು ಮತ್ತೆ ಟೈಪಿಸಿದೆ. 3ಕ್ಕೂ 8ಕ್ಕೂ ವ್ಯತ್ಯಾಸ ಕಾಣದ ಕಡೆ ಮಣ್ಣನ್ನೇ ಮತ್ತೆ ಪರೀಕ್ಷಿಸಬೇಕಾಯಿತು. ಈಗ ಅಳಿಸಿದ್ದನ್ನು ಮರಳಿ ಪಡೆಯಲು, ಫೈಲುಗಳ ಆ ಹೊತ್ತಿನ ಸ್ಥಿತಿ ಹಿಡಿದಿಡುವ ಸ್ನ್ಯಾಪ್‌ಶಾಟ್ ಗಂಟೆಗೊಂದು ಇದೆ.

2. ತಪ್ಪನ್ನೂ ನಾಸ್ ಅಷ್ಟೇ ಜೋಪಾನವಾಗಿ ಕಾಯುತ್ತದೆ. ಸರ್ವೆ ನಂಬರ್ 12/3 ಎಂದು ಹೊಡೆದರೆ ಎಕ್ಸೆಲ್ ಅದನ್ನು ಮಾರ್ಚ್ 12 ಮಾಡುತ್ತದೆ. ಯಾರದೋ ಹೊಲ ತಾರೀಖಾಗಿ ಹೋಯಿತು! ಆ ಕಾಲಂ ಮೊದಲೇ ಟೆಕ್ಸ್ಟ್ ಆಗಿರಬೇಕು. ಯಂತ್ರದಿಂದ ಬಂದ ಮೂಲ ಫೈಲಿಗೆ ಓದುವ ಅನುಮತಿ ಮಾತ್ರ.

3. ಜಾಗ ನೋಡಿ ಇಡಿ. ನಮ್ಮ ಪೆಟ್ಟಿಗೆ ಮೊದಲು ಕೂತಿದ್ದು ಮಣ್ಣು ಒಣಗಿಸುವ 105 ಡಿಗ್ರಿಯ ಓವನ್ ಪಕ್ಕ. ಬಳ್ಳಾರಿ ಸೀಮೆಯ ಬೇಸಿಗೆಗೆ ಇನ್ನೊಂದು ಒಲೆ ಬೇಕಿತ್ತೇ? ಯುಪಿಎಸ್ಸಿನ ಯುಎಸ್‌ಬಿ ತಂತಿಯನ್ನೂ ನಾಸ್‌ಗೆ ಚುಚ್ಚಿ. ಕರೆಂಟ್ ಹೋಗಿ ಬ್ಯಾಟರಿ ಇಳಿದಾಗ ನಾಸ್ ತಾನಾಗಿಯೇ ಕ್ರಮವಾಗಿ ಮಲಗುತ್ತದೆ.

4. ಬದಲಿ ಡಿಸ್ಕು ಬೀರುವಿನಲ್ಲಿರಲಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ತುಂಡಾದದ್ದು ಇಲ್ಲಿನ ಮಕ್ಕಳಿಗೂ ಗೊತ್ತು. ಉಳಿದ 32 ಗೇಟು ಇದ್ದರೂ ನೀರು ಹೋಗುತ್ತಲೇ ಇತ್ತು. ಅಡ್ಡಗಟ್ಟುವ ಸ್ಟಾಪ್‌ಲಾಗನ್ನು ಆಮೇಲೆ ಮಾಡಿಸಿ ತರಬೇಕಾಯಿತು. ನಮ್ಮಲ್ಲೂ ಹಾಗೇ ಆಯಿತು: ಡಿಸ್ಕು ಕೆಟ್ಟಾಗ ಬದಲಿ ಬರುವವರೆಗೆ ಉಳಿದದ್ದು ಒಂದೇ, ಅದೂ ಕೆಟ್ಟದ್ದರ ಜೊತೆಗೇ ಕೊಂಡಿದ್ದು. ಆ ವಾರ ಸರಿಯಾಗಿ ಊಟ ಸೇರಲಿಲ್ಲ.

5. ಇಂಟರ್‌ನೆಟ್ಟಿಗೆ ನೇರ ಬಾಗಿಲು ಬೇಡ. 2021ರ ಏಪ್ರಿಲ್‌ನಲ್ಲಿ ಕ್ಯೂಲಾಕರ್ ಎಂಬ ಕುತಂತ್ರಾಂಶ ಇಂಥ ಪೆಟ್ಟಿಗೆಗಳಿಗೆ ನುಗ್ಗಿ, ಫೈಲುಗಳಿಗೆ ಬೀಗ ಜಡಿದು ದುಡ್ಡು ಕೇಳಿತ್ತು.

6. ಒಂದು ಪ್ರತಿ ಊರಾಚೆ ಇರಲಿ. ಪ್ರತಿ ಶನಿವಾರ ನಮ್ಮ ಹೊರಗಿನ ಡಿಸ್ಕು ಟವೆಲ್ ಸುತ್ತಿಕೊಂಡು ಬಸ್ಸಿನಲ್ಲಿ ಸಿರುಗುಪ್ಪಕ್ಕೆ ಹೋಗುತ್ತದೆ.

7. ಬ್ಯಾಕಪ್ ತೆಗೆದು ನೋಡಿ. 2021ರ ಡಿಸೆಂಬರಿನಲ್ಲಿ ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದಲ್ಲಿ ಬ್ಯಾಕಪ್ ಪ್ರೋಗ್ರಾಮೇ ದಾರಿ ತಪ್ಪಿ ಸುಮಾರು 77 ಟೆರಾಬೈಟ್ ಸಂಶೋಧನಾ ಮಾಹಿತಿ ಅಳಿಸಿತು. ಅದನ್ನು ಓದಿದ ಮೇಲೆ ತಿಂಗಳಿಗೊಮ್ಮೆ, ಕಣ್ಣು ಮುಚ್ಚಿ ಒಂದು ಮಾದರಿ ನಂಬರ್ ಆರಿಸಿ, ಸಿರುಗುಪ್ಪದ ಡಿಸ್ಕಿನಿಂದ ಅದನ್ನು ವಾಪಸ್ ತೆಗೆಯುತ್ತೇವೆ. ಮೊದಲ ಸಲವೇ ತಡಕಾಡಿದೆವು: ಡಿಸ್ಕು ಸಿಕ್ಕಿತು, ಫೈಲೂ ಇತ್ತು, ಡಿಸ್ಕಿನ ಬೀಗ ತೆರೆಯುವ ಪಾಸ್‌ವರ್ಡ್ ಮಾತ್ರ ನಾಸ್ ಒಳಗೇ ಇತ್ತು. ಈಗ ಅದು ಚೀಟಿಯಲ್ಲಿದೆ, ಬೀರುವಿನಲ್ಲಿ, ಬದಲಿ ಡಿಸ್ಕಿನ ಕೆಳಗೆ.