ತರತಮಭಾವ: ಕನ್ನಡದ 'ಗಿಂತ' ಮತ್ತು ಸ್ಪ್ಯಾನಿಶ್‌ನ 'ಮಾಸ್'

ಕೇಶಿರಾಜನ ಶಬ್ದಮಣಿದರ್ಪಣದಲ್ಲಿ ಸಂಧಿ, ನಾಮ, ಸಮಾಸ, ತದ್ಧಿತ ಮೊದಲಾದ ಪ್ರಕರಣಗಳಿವೆ. ತರತಮಭಾವಕ್ಕೆಂದು ಮೀಸಲಾದ ಪ್ರಕರಣವಿಲ್ಲ. ಇದನ್ನು ಕೊರತೆಯೆಂದು ಭಾವಿಸಬೇಕಾಗಿಲ್ಲ. ಗುಣವಾಚಕಕ್ಕೆ ಹತ್ತಿ ಹೋಲಿಕೆಯ ಅರ್ಥವನ್ನು ಕೊಡುವ ಪ್ರತ್ಯಯವೇ ಕನ್ನಡದಲ್ಲಿ ಇಲ್ಲವಾದುದರಿಂದ ಅಂಥ ಪ್ರಕರಣದ ಅಗತ್ಯ ಬೀಳಲಿಲ್ಲ. ಆದರೆ ಇಂಗ್ಲಿಶ್ ವ್ಯಾಕರಣದ ಚೌಕಟ್ಟನ್ನು ಅನುಸರಿಸಿದ ಪಾಠಕ್ರಮವು 'ದೊಡ್ಡ, ಹೆಚ್ಚು ದೊಡ್ಡ, ಅತ್ಯಂತ ದೊಡ್ಡ' ಎಂಬ ಮೂರು ಮೆಟ್ಟಿಲುಗಳನ್ನು ಕಲ್ಪಿಸಿಕೊಂಡಿತು. ಈ ಮೆಟ್ಟಿಲುಗಳು ಕನ್ನಡದವೇ ಎಂಬ ಪ್ರಶ್ನೆಯನ್ನು ಎತ್ತಿಕೊಳ್ಳುವಾಗ ಸ್ಪ್ಯಾನಿಶ್ ವ್ಯಾಕರಣದ ನಿದರ್ಶನವು ಅನಿರೀಕ್ಷಿತವಾಗಿ ನೆರವಿಗೆ ಬರುತ್ತದೆ.

ಆಂಟೋನಿಯೊ ದೆ ನೆಬ್ರಿಹಾ 1492ರಲ್ಲಿ ಪ್ರಕಟಿಸಿದ ಕ್ಯಾಸ್ಟಿಲಿಯನ್ ವ್ಯಾಕರಣವು ಲ್ಯಾಟಿನ್ನಿನ ಮಾದರಿಯನ್ನು ಎದುರಿಗಿಟ್ಟುಕೊಂಡೇ ರಚಿತವಾದುದು. ಲ್ಯಾಟಿನ್ನಿನಲ್ಲಿ ಹೋಲಿಕೆಗೂ ಪರಮಾವಧಿಗೂ ಬೇರೆಬೇರೆ ಪ್ರತ್ಯಯಗಳಿವೆ. ಹಾಗಿದ್ದೂ ನೆಬ್ರಿಹಾ ತನ್ನ ನುಡಿಯಲ್ಲಿ ಅವುಗಳನ್ನು ಬಲವಂತವಾಗಿ ಕಾಣಲಿಲ್ಲ. ಹೋಲಿಕೆಯ ರೂಪಗಳು ಬೆರಳೆಣಿಕೆಯಷ್ಟು ಮಾತ್ರ, ಉಳಿದೆಲ್ಲವನ್ನೂ 'ಮಾಸ್' (ಹೆಚ್ಚು) ಎಂಬ ಪದವನ್ನು ಸೇರಿಸಿ ಸುತ್ತುಬಳಸಿ ಹೇಳಲಾಗುತ್ತದೆ ಎಂದು ಆತ ಗುರುತಿಸಿದ. ವ್ಯಾಕರಣಕಾರನ ಈ ಪ್ರಾಮಾಣಿಕತೆ ನಮ್ಮ ಶಾಲಾ ವ್ಯಾಕರಣಗಳಿಗೆ ದಕ್ಕಲಿಲ್ಲವೆನ್ನಬೇಕು.

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. 'ಪಾಂಡವಪುರಕ್ಕಿಂತ ನಾಗಮಂಗಲ ದೊಡ್ಡದು' ಎಂಬ ವಾಕ್ಯದಲ್ಲಿ 'ದೊಡ್ಡದು' ಎಂಬ ಪದ ಯಾವ ವಿಕಾರವನ್ನೂ ಹೊಂದಿಲ್ಲ. ಹೋಲಿಕೆಯ ಭಾರವೆಲ್ಲ ಪಾಂಡವಪುರದ ಮೇಲೆ ಬಿದ್ದಿದೆ. ಅಂದರೆ ಯಾವುದನ್ನು ಅಳತೆಗೋಲಾಗಿ ಇಟ್ಟುಕೊಂಡಿದೆಯೋ ಅದಕ್ಕೆ ಚತುರ್ಥಿಯ 'ಕ್ಕೆ'ಯೊಡನೆ 'ಇಂತ' ಸೇರಿದೆ. ಸ್ಪ್ಯಾನಿಶ್ ಇದಕ್ಕೆ ವಿರುದ್ಧವಾಗಿ ಗುಣವಾಚಕದ ಹಿಂದೆ 'ಮಾಸ್' ಇಟ್ಟು, ಅಳತೆಗೋಲಿನ ಹಿಂದೆ 'ಕೆ' ಎಂಬ ಅವ್ಯಯವನ್ನು ತರುತ್ತದೆ. ಅಲ್ಲಿ 'ಮಾಸ್' ಬಿಟ್ಟರೆ ವಾಕ್ಯ ನಿಲ್ಲದು; ಇಲ್ಲಿ 'ಹೆಚ್ಚು' ಸೇರಿಸಿದರೆ ವಾಕ್ಯ ತೊಡಕಾಗುತ್ತದೆ. 'ಪಾಂಡವಪುರಕ್ಕಿಂತ ನಾಗಮಂಗಲ ಹೆಚ್ಚು ದೊಡ್ಡದು' ಎಂದು ಈ ಭಾಗದ ರೈತರಾರೂ ಆಡುವುದಿಲ್ಲ. 'ಅವನಿಗಿಂತ ಇವನು ಹೆಚ್ಚು ಓದಿದ್ದಾನೆ' ಎಂಬಲ್ಲಿ 'ಹೆಚ್ಚು' ಸಹಜವೇ ಆಗಿದೆ, ಏಕೆಂದರೆ ಅದು ಕ್ರಿಯೆಯ ಪ್ರಮಾಣವನ್ನು ಹೇಳುತ್ತದೆ. 'ಹೆಚ್ಚು ಪರಿಣಾಮಕಾರಿ' ಎಂಬಂಥ ಸಂಸ್ಕೃತ ಪದಗಳ ಜೊತೆಯಲ್ಲಿಯೂ ಕಿವಿಗೆ ಒರಟೆನಿಸುವುದಿಲ್ಲ. ಆಕ್ಷೇಪವಿರುವುದು ಆ ಪದದ ಬಗ್ಗೆಯಲ್ಲ, ಅದನ್ನು ಕಡ್ಡಾಯ ಮಾಡಿದ ನಿಯಮದ ಬಗ್ಗೆ.

ಪರಮಾವಧಿಯ ವಿಷಯದಲ್ಲಿ ಎರಡೂ ಭಾಷೆಗಳು ಮತ್ತಷ್ಟು ಹತ್ತಿರ ಬರುತ್ತವೆ. ಸ್ಪ್ಯಾನಿಶ್‌ನಲ್ಲಿ 'ಎಲ್ ಮಾಸ್ ಆಲ್ತೊ ದೆ ಲೋಸ್ ದೋಸ್' ಎಂದರೆ ಇಬ್ಬರಲ್ಲಿ ಎತ್ತರದವನು. 'ದೆ ಲೋಸ್ ಕ್ವಾತ್ರೊ' ಎಂದರೆ ನಾಲ್ವರಲ್ಲಿ ಎತ್ತರದವನು. ರೂಪ ಬದಲಾಗಲಿಲ್ಲ, ಗುಂಪಿನ ಸಂಖ್ಯೆಯಷ್ಟೇ ಬದಲಾಯಿತು. ಕನ್ನಡದಲ್ಲಿಯೂ ಹೀಗೆಯೇ: 'ಎರಡರಲ್ಲಿ ಇದೇ ದೊಡ್ಡದು', 'ನಾಲ್ಕರಲ್ಲಿ ಇದೇ ದೊಡ್ಡದು'. ಸ್ಪ್ಯಾನಿಶ್‌ನಲ್ಲಿ ನಿರ್ದೇಶಕ ಗುಣವಾಚಿ 'ಎಲ್' ಮಾಡುವ ಕೆಲಸವನ್ನು ಇಲ್ಲಿ ಅವಧಾರಣೆಯ 'ಏ'ಕಾರ ಮಾಡುತ್ತದೆ. ಇಂಗ್ಲಿಶ್ ಮಾತ್ರ ಎರಡಕ್ಕೊಂದು, ನಾಲ್ಕಕ್ಕೊಂದು ರೂಪವನ್ನು ಬೇಡುತ್ತದೆ. ನಾಲ್ಕು ತಾಲ್ಲೂಕುಗಳಲ್ಲಿ ನಾಗಮಂಗಲವೇ ದೊಡ್ಡದು, ಶ್ರೀರಂಗಪಟ್ಟಣವೇ ಚಿಕ್ಕದು ಎಂದು ಬರೆದ ವಿದ್ಯಾರ್ಥಿಯ ಉತ್ತರವನ್ನು 'ಅತ್ಯಂತ' ಎಂಬ ಪದವಿಲ್ಲವೆಂಬ ಕಾರಣಕ್ಕೆ ತಪ್ಪೆಂದು ಗುರುತು ಹಾಕುವ ಅಧ್ಯಾಪಕರು ಕನ್ನಡವನ್ನು ತಿದ್ದುತ್ತಿಲ್ಲ, ಇಂಗ್ಲಿಶನ್ನು ಕಲಿಸುತ್ತಿದ್ದಾರೆ.

'ಅತ್ಯಂತ' ಎಂಬುದು ವಾಸ್ತವವಾಗಿ ಬೇರೆಯೇ ಅರ್ಥದ ಪದ. ಅದು ಮಿತಿಮೀರಿದ ಪ್ರಮಾಣವನ್ನು ಸೂಚಿಸುತ್ತದೆಯೇ ಹೊರತು ಗುಂಪಿನಲ್ಲಿ ಮೊದಲನೆಯ ಸ್ಥಾನವನ್ನಲ್ಲ. ಸ್ಪ್ಯಾನಿಶ್‌ನಲ್ಲಿ 'ಆಲ್ತಿಸಿಮೊ' (ಬಹಳ ಎತ್ತರದ) ಮತ್ತು 'ಎಲ್ ಮಾಸ್ ಆಲ್ತೊ' (ಎಲ್ಲರಿಗಿಂತ ಎತ್ತರದ) ಇವೆರಡನ್ನೂ ಬೇರೆಬೇರೆಯಾಗಿ ಕಲಿಸಲಾಗುತ್ತದೆ. 'ಇಸಿಮೊ' ಎಂಬ ಆ ಪ್ರತ್ಯಯವು ಲ್ಯಾಟಿನ್ನಿನಿಂದ ಪಂಡಿತರ ಮೂಲಕ ಮರಳಿ ಬಂದುದು. ಕನ್ನಡಕ್ಕೆ ಸಂಸ್ಕೃತದ '-ತರ', '-ತಮ'ಗಳು ಬಂದ ಬಗೆಯೂ ಅದನ್ನೇ ಹೋಲುತ್ತದೆ. 'ಉತ್ತಮ' ಮೂಲದಲ್ಲಿ ಪರಮಾವಧಿಯ ರೂಪ. ಕನ್ನಡಿಗನಿಗೆ ಅದು ಬರಿಯ 'ಒಳ್ಳೆಯ' ಎಂದು ಕೇಳಿಸುವುದರಿಂದಲೇ 'ಅದಕ್ಕಿಂತ ಇದು ಉತ್ತಮ' ಎಂದು ಹೇಳುವುದೂ, ಸಾಲದೆ 'ಅತ್ಯುತ್ತಮ', 'ಸರ್ವೋತ್ತಮ'ಗಳನ್ನು ಕಟ್ಟಿಕೊಳ್ಳುವುದೂ ಸಾಧ್ಯವಾಗಿದೆ.

ಆಡುಮಾತಿಗೆ ಬಂದರೆ ಇನ್ನೊಂದು ಪರಮಾವಧಿಯ ವಿನ್ಯಾಸ ಸಿಗುತ್ತದೆ. 'ಊರ್ಗೇ ದೊಡ್ಡೋನು' ಎಂಬಲ್ಲಿ ಬರಿಯ ಚತುರ್ಥಿ, 'ಏ'ಕಾರ ಇಷ್ಟರಿಂದಲೇ ಅರ್ಥ ಪೂರ್ಣವಾಗಿದೆ. 'ಎಲ್ಲಾರ್ಗಿಂತ' ಎಂಬುದರ ಪಕ್ಕದಲ್ಲಿಯೇ ಬದುಕಿರುವ ಈ ರೂಪ ಪಠ್ಯಗಳಲ್ಲಿ ಕಾಣಸಿಗುವುದು ಅಪರೂಪ. ಮಂಡ್ಯ-ಮೈಸೂರು ಸೀಮೆಯ 'ವಾಸಿ' ಇನ್ನೂ ಕುತೂಹಲಕರ. 'ಬಸ್ಸಿಗಿಂತ ರೈಲೇ ವಾಸಿ' ಎನ್ನುವಾಗ ಹೋಲಿಕೆ ಪದದ ಅರ್ಥದೊಳಗೇ ಅಡಗಿದೆ. 'ಹೆಚ್ಚು ವಾಸಿ' ಎನ್ನಲಾಗದು. ಸ್ಪ್ಯಾನಿಶ್‌ನ 'ಮೆಹೋರ್' (ಮೇಲು), 'ಪೆಯೋರ್' (ಕೀಳು) ಎಂಬ ಪದಗಳೂ 'ಮಾಸ್' ಅನ್ನು ಸಹಿಸವು. ರೋಗಿ ಚೇತರಿಸಿಕೊಂಡುದನ್ನು ಹೇಳುವುದಕ್ಕೂ 'ಮೆಹೋರ್' ಬಳಕೆಯಾಗುತ್ತದೆ. 'ಜ್ವರ ವಾಸಿಯಾಯಿತು' ಎಂಬುದನ್ನು ಇದರೊಡನೆ ಇಟ್ಟು ನೋಡಬಹುದು.

ಅಳತೆಗೋಲನ್ನು ಹೇಳದೆಯೂ ಹೋಲಿಸುವ ಪದ್ಧತಿ ಕನ್ನಡದಲ್ಲಿ ದಟ್ಟವಾಗಿದೆ. ಪಾಂಡವಪುರ ತಾಲ್ಲೂಕಿನ ದೊಡ್ಡಬ್ಯಾಡರಹಳ್ಳಿ, ಚಿಕ್ಕಬ್ಯಾಡರಹಳ್ಳಿಗಳ ಹೆಸರಿನಲ್ಲಿ 'ದೊಡ್ಡ' ಎಂಬುದು ಇನ್ನೊಂದು ಊರನ್ನು ನೆನೆದೇ ಅರ್ಥ ಪಡೆಯುತ್ತದೆ. ದೊಡ್ಡಪ್ಪ, ಚಿಕ್ಕಪ್ಪ ಎಂಬಲ್ಲಿ ಅಳತೆಗೋಲು ತಂದೆ; 'ಗಿಂತ'ದ ಸುಳಿವಿಲ್ಲ. ಸ್ಪ್ಯಾನಿಶ್ 'ಮಯೋರ್' (ಹಿರಿಯ), 'ಮೆನೋರ್' (ಕಿರಿಯ) ಎಂಬ ಹೋಲಿಕೆಯ ರೂಪಗಳನ್ನು ಸೇರಿಸಿ 'ಎರ್ಮಾನೊ ಮಯೋರ್' ಎಂದು ಎರಡು ಪದಗಳಲ್ಲಿ ಹೇಳುವುದನ್ನು ಕನ್ನಡ 'ಅಣ್ಣ' ಎಂಬ ಒಂದೇ ಪದದಲ್ಲಿ ಹೇಳುತ್ತದೆ. ಅದನ್ನು 'ಹಿರಿಯ ಸಹೋದರ' ಎಂದು ಅನುವಾದಿಸುವ ರೂಢಿ ಪತ್ರಿಕೆಗಳನ್ನು ದಾಟಿ ಈಗ ಕಥೆ ಕಾದಂಬರಿಗಳ ಅನುವಾದಕ್ಕೂ ಇಳಿದಿದೆ.