ಮಾಸ್ಕ್‌ಗಿಂತ ಮೊದಲು ಪೈಪಿನ ಇನ್ನೊಂದು ತುದಿ ನೋಡಿ

ಕಂಪ್ರೆಸರ್ ಗಾಳಿಯ ಮಾಸ್ಕ್ ಹಾಕಿ ಪೇಂಟ್ ಹೊಡೆಯುವವರು ದಿನವೂ ಮಾಡಬೇಕಾದ ತಪಾಸಣೆ

ತುಮಕೂರಿನ ಉಪ್ಪಾರಹಳ್ಳಿಯಲ್ಲಿ ಒಂದು ಟಿಂಕರಿಂಗ್–ಪೇಂಟಿಂಗ್ ಶೆಡ್ ಎಂದಿಟ್ಟುಕೊಳ್ಳಿ. ಮಧ್ಯಾಹ್ನ ಮೂರು ಗಂಟೆ. ಪರದೆ ಇಳಿಬಿಟ್ಟ ಮೂಲೆಯಲ್ಲಿ ಪೇಂಟರ್ ಕಾರಿನ ಬಾನೆಟ್‌ಗೆ ಕೊನೆಯ ಕೋಟ್ ಹೊಡೆಯುತ್ತಿದ್ದಾನೆ. ಮುಖಕ್ಕೆ ಗಾಳಿ ಮಾಸ್ಕ್ ಇದೆ. ಸೊಂಟದ ಬೆಲ್ಟಿನಿಂದ ಹೊರಟ ಪೈಪು ಪರದೆ ದಾಟಿ, ಗೋಡೆ ಬಳಸಿ, ಹಿಂದಿನ ಓಣಿಯ ಕಂಪ್ರೆಸರ್ ಸೇರಿದೆ. ಅಷ್ಟರಲ್ಲಿ ಕರೆಂಟ್ ಹೋಗುತ್ತದೆ. ಹೆಲ್ಪರ್ ಓಡಿಹೋಗಿ ಜನರೇಟರ್ ಹಾಕುತ್ತಾನೆ. ಅದು ಇರುವುದು ಕಂಪ್ರೆಸರ್ ಪಕ್ಕದಲ್ಲೇ. ಹತ್ತು ನಿಮಿಷದಲ್ಲಿ ಪೇಂಟರ್‌ಗೆ ತಲೆ ಭಾರ. ‘ಮುದ್ದೆ ಉಂಡ ಮಂಪರು ಕಣಣ್ಣ’ ಎಂದು ನಗುತ್ತಾನೆ.

ಮಂಪರು ಮುದ್ದೆಯದಲ್ಲ, ಜನರೇಟರ್ ಹೊಗೆಯದು. ಮಾಸ್ಕ್‌ನಲ್ಲಿ ಯಾವ ದೋಷವೂ ಇಲ್ಲ. ಆದರೆ ಮಾಸ್ಕ್ ತಾನಾಗಿ ಗಾಳಿ ಹುಟ್ಟಿಸುವುದಿಲ್ಲ, ಕಂಪ್ರೆಸರ್ ಹೀರಿದ್ದನ್ನು ಮೂಗಿಗೆ ತಲುಪಿಸುತ್ತದೆ, ಅಷ್ಟೆ. ಹಾಗಾಗಿ ತಪಾಸಣೆ ಆರಂಭವಾಗಬೇಕಾದ್ದು ಕಂಪ್ರೆಸರ್ ಹತ್ತಿರ.

ಬಟ್ಟೆ ಮಾಸ್ಕ್ ಯಾಕೆ ಸಾಲದು?

ಹಾರ್ಡನರ್ ಬೆರೆಸಿ ಹೊಡೆಯುವ ‘ಟೂ–ಕೆ’ ಪೇಂಟಿನ ಹಾರ್ಡನರ್‌ನಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕ ಇರುತ್ತದೆ. ಉಸಿರಿನೊಂದಿಗೆ ಒಳಹೋದರೆ ಅದು ಅಸ್ತಮಾ ತರಬಲ್ಲದು. ಒಮ್ಮೆ ಶ್ವಾಸಕೋಶ ಅದಕ್ಕೆ ಸೂಕ್ಷ್ಮವಾಯಿತೆಂದರೆ ಮುಂದೆ ಅತ್ಯಲ್ಪ ಪ್ರಮಾಣವೂ ಉಬ್ಬಸ ಎಬ್ಬಿಸುತ್ತದೆ. ಅನೇಕರು ಕಸುಬನ್ನೇ ಬಿಡಬೇಕಾಗುತ್ತದೆ. ಮೂಗಿಗೆ ಬಡಿಯುವುದು ಥಿನ್ನರ್ ವಾಸನೆ. ಐಸೊಸಯನೇಟ್ ಇದೆಯೆಂದು ಮೂಗು ನಂಬಿ ಹೇಳಲಾಗದು. ಬಟ್ಟೆ ಮಾಸ್ಕ್ ಇದಕ್ಕೆ ಲೆಕ್ಕಕ್ಕಿಲ್ಲ. ಇದ್ದಿಲಿನ ಫಿಲ್ಟರ್ ಮಾಸ್ಕ್ ಹಾಕಿದರೂ ಫಿಲ್ಟರ್ ಯಾವಾಗ ಸೋತಿತೆಂದು ತಿಳಿಯದು. ಅದಕ್ಕೇ ಹೊರಗಿನ ಶುದ್ಧ ಗಾಳಿಯನ್ನು ಪೈಪಿನಲ್ಲಿ ತರುವ ಮಾಸ್ಕ್ ಬೇಕು. ಸ್ಯಾಂಡ್‌ಬ್ಲಾಸ್ಟಿಂಗ್ ಮಾಡುವವರ ಗಾಳಿ ಟೋಪಿಗೂ ಮುಂದಿನ ಹಂತಗಳೇ ಅನ್ವಯ.

ಹಂತ 1: ಕಂಪ್ರೆಸರ್ ಎಲ್ಲಿಂದ ಹೀರುತ್ತಿದೆ?

ಗಾಳಿ ಹೀರುವ ಬಾಯಿಯ ಹತ್ತಿರ ಜನರೇಟರ್, ನಿಂತಲ್ಲೇ ಎಂಜಿನ್ ಓಡಿಸುವ ಗಾಡಿ, ಥಿನ್ನರ್ ಡಬ್ಬ, ಬೂತ್‌ನ ಎಕ್ಸಾಸ್ಟ್ ಫ್ಯಾನ್, ಇವು ಯಾವುವೂ ಇರಬಾರದು. ಜನರೇಟರ್ ಹೊಗೆಯಲ್ಲಿರುವ ಕಾರ್ಬನ್ ಮೋನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ರಕ್ತದ ಹಿಮೋಗ್ಲೋಬಿನ್ ಅದನ್ನು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಎಣ್ಣೆ ಹಾಕುವ ಪಿಸ್ಟನ್ ಕಂಪ್ರೆಸರ್ ಅತಿಯಾಗಿ ಬಿಸಿಯಾದರೆ ಒಳಗಿನ ಎಣ್ಣೆ ಸುಟ್ಟು ಅಲ್ಲೂ ಇದೇ ಅನಿಲ ಹುಟ್ಟಬಹುದು. ಹೀರುವ ಬಾಯಿಗೆ ಪೈಪು ಜೋಡಿಸಿ, ಹೊಗೆ ಸುಳಿಯದ ಎತ್ತರಕ್ಕೆ ಒಯ್ಯಿರಿ.

ಹಂತ 2: ನೀರು ಬಸಿಯಿರಿ, ಅದರ ಬಣ್ಣ ನೋಡಿ

ಬೆಳಿಗ್ಗೆ ಕೆಲಸ ಶುರುವಾಗುವ ಮುನ್ನ ಟ್ಯಾಂಕಿನ ಕೆಳಗಿನ ವಾಲ್ವ್ ತೆರೆದು ನೀರು ಬಿಡಿ. ತಿಳಿನೀರು ಬಂದರೆ ಸರಿ. ಗಂಜಿಯ ಹಾಗೆ ಬೆಳ್ಳಗಿದ್ದರೆ ಎಣ್ಣೆ ಬೆರೆತಿದೆ, ಕೆಂಪಗಿದ್ದರೆ ಟ್ಯಾಂಕ್ ಒಳಗೆ ತುಕ್ಕು ಹಿಡಿದಿದೆ. ಆಮೇಲೆ ಮಾಸ್ಕ್ ಪೈಪಿನ ತುದಿಯನ್ನು ಬಿಳಿ ಬಟ್ಟೆಗೆ ಹಿಡಿದು ಒಂದು ನಿಮಿಷ ಗಾಳಿ ಬಿಡಿ. ಹಳದಿ ಕಲೆಯೋ ತೇವವೋ ಕಂಡರೆ ಆ ಗಾಳಿ ಉಸಿರಿಗೆ ತಕ್ಕದ್ದಲ್ಲ. ಆದರೆ ಬಟ್ಟೆ ಹೇಳುವುದು ಎಣ್ಣೆ, ನೀರಿನ ಸಂಗತಿ ಮಾತ್ರ. ವಿಷಾನಿಲದ ವಿಷಯದಲ್ಲಿ ಅದನ್ನು ನಂಬಬೇಡಿ.

ಹಂತ 3: ಫಿಲ್ಟರ್ ಏನು ತಡೆಯುತ್ತದೆ, ಏನು ತಡೆಯುವುದಿಲ್ಲ

ಕಂಪ್ರೆಸರ್‌ಗೂ ಮಾಸ್ಕ್‌ಗೂ ನಡುವೆ ಸಾಲಾಗಿ ಮೂರು ಫಿಲ್ಟರ್ ಬಟ್ಟಲು ಇರಬೇಕು: ನೀರು ಬೇರ್ಪಡಿಸುವುದು, ಎಣ್ಣೆಯ ಮಂಜು ಹಿಡಿಯುವುದು, ವಾಸನೆ ಹೀರುವ ಇದ್ದಿಲು. ಪ್ರತಿಯೊಂದರ ಮೇಲೂ ಬದಲಿಸಿದ ದಿನಾಂಕ ಬರೆದಿಡಿ. ಈ ಮೂರರಲ್ಲಿ ಒಂದೂ ಕಾರ್ಬನ್ ಮೋನಾಕ್ಸೈಡನ್ನು ತಡೆಯದು. ಅದಕ್ಕೆ ಪ್ರತ್ಯೇಕ ಅಲಾರಂ ಬೇಕು. ಅಮೆರಿಕದಲ್ಲಿ ಉಸಿರಿನ ಗಾಳಿಗೆ ಇಟ್ಟಿರುವ ಮಿತಿ ಗಾಳಿಯ 10 ಲಕ್ಷ ಭಾಗದಲ್ಲಿ 10 ಭಾಗ. ಯುರೋಪಿನ ಮಾನದಂಡದಲ್ಲಿ 5 ಭಾಗ. ಅಲಾರಂ 10ರೊಳಗೇ ಕೂಗುವಂತಿರಲಿ.

ಹಂತ 4: ಗಾಳಿ ಸಾಕಾಗುತ್ತದೆಯೇ? ಲೆಕ್ಕ ಹಾಕಿ

ಸಡಿಲವಾಗಿ ಕೂರುವ ವೈಸರ್ ಅಥವಾ ಟೋಪಿಗೆ ನಿಮಿಷಕ್ಕೆ ಕನಿಷ್ಠ 170 ಲೀಟರ್, ಅಂದರೆ 6 ಸಿಎಫ್‌ಎಂ ಗಾಳಿ ಬೇಕು. ನಿಮ್ಮ ಗನ್ 10 ಸಿಎಫ್‌ಎಂ ಎಳೆಯುತ್ತಿದ್ದರೆ ಒಟ್ಟು 16 ಆಯಿತು. ಕಂಪ್ರೆಸರ್ ಪ್ಲೇಟಿನಲ್ಲಿ ‘ಡಿಸ್‌ಪ್ಲೇಸ್‌ಮೆಂಟ್’ ಎಂದು ಬರೆದಿರುವ ದೊಡ್ಡ ಅಂಕಿಗೆ ಮರುಳಾಗಬೇಡಿ. ನಿಜಕ್ಕೂ ಹೊರಬರುವ ಗಾಳಿ ‘ಎಫ್‌ಎಡಿ’ ಎಂಬ ಅಂಕಿಯಷ್ಟೇ. ಪರೀಕ್ಷೆ ಸುಲಭ: ಮಾಸ್ಕ್ ಹಾಕಿ, ಗನ್ನಿನ ಟ್ರಿಗರ್ ಪೂರ್ತಿ ಒತ್ತಿ ಹಿಡಿಯಿರಿ. ಬೆಲ್ಟಿನ ಮೀಟರ್ ಮುಳ್ಳು ಹಸಿರು ಪಟ್ಟಿಯಿಂದ ಕೆಳಗಿಳಿದರೆ ಅಥವಾ ಶಿಳ್ಳೆ ಕೂಗಿದರೆ ಆ ಕಂಪ್ರೆಸರ್ ಎರಡಕ್ಕೂ ಸಾಲದು.

ಹಂತ 5: ಪೈಪು ಮತ್ತು ಕಪ್ಲರ್

ಪೈಪನ್ನು ಕೈಯಲ್ಲಿ ಹಿಡಿದು ಉದ್ದಕ್ಕೂ ಸವರಿಕೊಂಡು ಬನ್ನಿ. ಬಿರುಕು, ಉಬ್ಬು, ಥಿನ್ನರ್ ಬಿದ್ದು ಮೆತ್ತಗಾದ ಜಾಗ ಕೈಗೆ ತಾನಾಗಿ ಸಿಗುತ್ತದೆ. ಗಾಡಿ ಚಕ್ರ ಹತ್ತುವ ಕಡೆ ಪೈಪು ಹಾಯಬಾರದು. ಉಸಿರಿನ ಪೈಪಿನ ಕಪ್ಲರ್ ಬೇರಾವ ಲೈನಿಗೂ ಕೂರದಂತೆ ಪ್ರತ್ಯೇಕವಾಗಿರಲಿ. ಟೈರ್ ಅಂಗಡಿಯ ನೈಟ್ರೋಜನ್ ಲೈನ್ ನೋಡಲು ಗಾಳಿ ಲೈನಿನ ಹಾಗೇ ಇರುತ್ತದೆ. ಅದಕ್ಕೆ ಮಾಸ್ಕ್ ಸಿಕ್ಕಿಸಿದರೆ ಕೆಲವೇ ಉಸಿರಿಗೆ ಎಚ್ಚರ ತಪ್ಪುತ್ತದೆ. ವೆಲ್ಡಿಂಗ್ ಆಕ್ಸಿಜನ್ ಸಿಲಿಂಡರನ್ನೂ ಜೋಡಿಸಬೇಡಿ. ಎಣ್ಣೆ ಅಂಟಿದ ಪೈಪಿನೊಳಗೆ ಅದು ಬೆಂಕಿ ಹೊತ್ತಿಸಬಲ್ಲದು.

ಹಂತ 6: ಹೊರಗೆ ಹಾಕಿ, ಹೊರಗೇ ತೆಗೆಯಿರಿ

ಗಾಳಿ ಬಿಟ್ಟುಕೊಂಡು, ಮಾಸ್ಕ್ ಧರಿಸಿ, ಎರಡು ನಿಮಿಷ ಉಸಿರಾಡಿ ನೋಡಿ, ಆಮೇಲೆ ಬೂತ್ ಒಳಗೆ ಹೋಗಿ. ಮುಖಕ್ಕೆ ಬಿಗಿಯಾಗಿ ಕೂರುವ ಮಾಸ್ಕ್ ಆದರೆ ಗಡ್ಡ ಬೋಳಿಸಿರಲೇಬೇಕು. ಎರಡು ದಿನದ ಕುರುಚಲೂ ಸಂದು ಬಿಡುತ್ತದೆ. ಸಡಿಲ ವೈಸರ್‌ಗೆ ಈ ಕಟ್ಟುಪಾಡಿಲ್ಲ.

ಎಲ್ಲರೂ ಮಾಡುವ ತಪ್ಪು ಒಂದಿದೆ. ಕೋಟ್ ಮುಗಿದ ತಕ್ಷಣ ಪೇಂಟರ್ ವೈಸರ್ ಎತ್ತಿ, ಬಗ್ಗಿ, ಓರೆಗಣ್ಣಿನಿಂದ ಹೊಳಪು ನೋಡುತ್ತಾನೆ. ಗನ್ ನಿಂತರೂ ಮಂಜು ನಿಂತಿರುವುದಿಲ್ಲ. ಕಣ್ಣಿಗೆ ಕಾಣದಷ್ಟು ನವಿರಾಗಿ ಹಲವು ನಿಮಿಷ ತೇಲುತ್ತದೆ. ದಿನಕ್ಕೆ ಹತ್ತು ಸಲ ಹೀಗೆ ಎತ್ತಿದರೆ ಮಾಸ್ಕ್‌ಗೆ ಕೊಟ್ಟ ದುಡ್ಡು ನೀರುಪಾಲು. ಹೊಳಪು ಕಾಣದಿದ್ದರೆ ವೈಸರ್ ಮೇಲಿನ ತೆಳು ಹಾಳೆ ಕಿತ್ತು ಹೊಸದು ಅಂಟಿಸಿ, ಲೈಟ್ ಹೆಚ್ಚಿಸಿ.

ನಿಮ್ಮ ಬೂತ್ ಎಷ್ಟು ನಿಮಿಷದಲ್ಲಿ ತಿಳಿಯಾಗುತ್ತದೆಂದು ತಿಳಿಯಬೇಕೇ? ಆರ್ಕೆಸ್ಟ್ರಾದವರ ಹೊಗೆ ಯಂತ್ರವನ್ನು ಒಂದು ಗಂಟೆ ಬಾಡಿಗೆಗೆ ತನ್ನಿ. ಬೂತ್ ತುಂಬ ಹೊಗೆ ಬಿಟ್ಟು, ಎಕ್ಸಾಸ್ಟ್ ಹಾಕಿ, ಹೊಗೆ ಪೂರ್ತಿ ಹೋಗುವವರೆಗೆ ಮೊಬೈಲ್‌ನಲ್ಲಿ ಸಮಯ ಅಳೆಯಿರಿ. ಬಂದ ನಿಮಿಷವನ್ನು ಬಾಗಿಲ ಮೇಲೆ ದಪ್ಪಕ್ಷರದಲ್ಲಿ ಬರೆಯಿರಿ. ಅಷ್ಟು ಹೊತ್ತು ಮಾಸ್ಕ್ ಇಲ್ಲದೆ ಯಾರೂ ಒಳಗೆ ಕಾಲಿಡಬಾರದು, ಮಾಲೀಕರೂ ಸಹ.

ಹಂತ 7: ಕರೆಂಟ್ ಹೋದರೆ

ಗನ್ ಕೆಳಗಿಡಿ, ಟ್ಯಾಂಕಿನಲ್ಲಿ ಉಳಿದ ಗಾಳಿಯಲ್ಲೇ ಮಾಸ್ಕ್ ಸಮೇತ ಹೊರಬನ್ನಿ. ‘ಇನ್ನೊಂದು ಪಟ್ಟಿ ಹೊಡೆದು ಬರ್ತೀನಿ’ ಎನ್ನಬೇಡಿ. ಜನರೇಟರ್ ಶುರುವಾದ ಮೇಲೆ ಹೊಗೆ ಯಾವ ಕಡೆ ಹೋಗುತ್ತಿದೆ ಎಂದು ನೋಡಿ, ಆಮೇಲೆ ಮಾಸ್ಕ್ ಹಾಕಿ.

ಮ್ಯಾನ್‌ಹೋಲ್‌ಗೆ ಈ ಮಾಸ್ಕ್ ಬೇಡ

ಮ್ಯಾನ್‌ಹೋಲ್, ಸೆಪ್ಟಿಕ್ ಗುಂಡಿ, ಮುಚ್ಚಿದ ಟ್ಯಾಂಕ್‌ಗಳಲ್ಲಿ ಗಾಳಿ ನಿಂತ ಕ್ಷಣವೇ ಜೀವಕ್ಕೆ ಅಪಾಯ. ಅಲ್ಲಿಗೆ ಬೆನ್ನಿಗೆ ಸಿಲಿಂಡರ್ ಕಟ್ಟುವ ಉಪಕರಣ, ಇಲ್ಲವೇ ತಪ್ಪಿಸಿಕೊಳ್ಳಲು ಚಿಕ್ಕ ಸಿಲಿಂಡರ್ ಇರುವ ಮಾಸ್ಕ್ ಬೇಕು. ಆರು ಲೀಟರ್ ಸಿಲಿಂಡರಿನಲ್ಲಿ 300 ಬಾರ್ ಒತ್ತಡವಿದ್ದರೆ 1,800 ಲೀಟರ್ ಗಾಳಿ. ನಿಮಿಷಕ್ಕೆ 40 ಲೀಟರ್ ಲೆಕ್ಕದಲ್ಲಿ 45 ನಿಮಿಷ. ಆದರೆ 50 ಬಾರ್ ಹೊರಬರಲೆಂದು ಮೀಸಲು, ಹಾಗಾಗಿ ಕೆಲಸಕ್ಕೆ ಸಿಗುವುದು 37 ನಿಮಿಷ. ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆ ರಕ್ಷಣಾ ಸಾಧನವಿಲ್ಲದೆ ಯಾರನ್ನೂ ಒಳಚರಂಡಿಗೆ ಇಳಿಸಕೂಡದು ಎನ್ನುತ್ತದೆ. ಒಳಗೆ ಯಾರಾದರೂ ಬಿದ್ದರೆ ಹಿಂದೆಯೇ ಇಳಿಯಬೇಡಿ, 112ಕ್ಕೆ ಕರೆ ಮಾಡಿ.

ಮೈ ಹೇಳುವ ಮಾತು

ರಾತ್ರಿ ಕೆಮ್ಮು, ಎದೆ ಬಿಗಿತ, ರಜೆಯ ದಿನ ಮಾತ್ರ ಹಗುರ, ಇವು ಕಂಡರೆ ವೈದ್ಯರ ಬಳಿ ‘ಹಾರ್ಡನರ್ ಹಾಕಿದ ಪೇಂಟ್ ಹೊಡೆಯುತ್ತೇನೆ’ ಎಂದೇ ಹೇಳಿ, ಶ್ವಾಸಕೋಶದ ಪರೀಕ್ಷೆ ಕೇಳಿ. ಕೆಲಸದಿಂದ ಬರುವ ಅಸ್ತಮಾ ಕಾನೂನಿನ ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿದೆ.

ಕೊನೆಯ ಮಾತು ಮಾಲೀಕರಿಗೆ. ಪೇಂಟರ್‌ಗೆ ಪರದೆಯೊಳಗಿನಿಂದ ಪೈಪಿನ ಇನ್ನೊಂದು ತುದಿ ಕಾಣುವುದಿಲ್ಲ. ಅಲ್ಲಿ ನಿಂತಿರುವವನು ಶೆಡ್‌ನಲ್ಲೇ ಕಡಿಮೆ ಸಂಬಳದ ಹೆಲ್ಪರ್. ನೀರು ಬಸಿಯುವುದು, ಅಲಾರಂ ಕೇಳುವುದು, ಜನರೇಟರ್ ಎಲ್ಲಿಡಬೇಕೆಂಬುದು, ಇಷ್ಟನ್ನು ಅವನಿಗೆ ಮೊದಲು ಕಲಿಸಿ. ಕಂಪ್ರೆಸರ್ ಮೇಲಿನ ಮೊಳೆಗೆ ಒಂದು ನೋಟ್‌ಬುಕ್ಕು ತೂಗುಹಾಕಿ, ದಿನವೂ ಅವನ ಸಹಿ ಬೀಳಲಿ. ಒಳಗಿರುವವನು ಉಸಿರಾಡುತ್ತಿರುವುದು ಆ ಸಹಿಯ ಭರವಸೆಯ ಮೇಲೆ.